ಒಂದು ಓಟಿನ ನಿದ್ದೆ

ಆಸಿಫನ ಟಂಟಂ ಆಟೋ ಹಳ್ಳದ ತಿರುವಿನಲ್ಲಿ ಕಾಣಿಸಿದ ಕೂಡಲೆ ವಿಜಯಶ್ರೀ ಮೊಬೈಲು ತೆಗೆದು ಕಿವಿಗೆ ಹಿಡಿದಳು. ಯಾರೂ ಫೋನು ಮಾಡಿರಲಿಲ್ಲ. ಗಾಡಿ ಖಾಲಿ ಇತ್ತು. ಕಟ್ಟಿಸಂಗನಾಳದಿಂದ ಬಸವನಬಾಗೇವಾಡಿಗೆ ಹೋಗುವ ಟಂಟಂ ಮುಂಜಾನೆಯ ಆ ಹೊತ್ತಿನಲ್ಲಿ ಖಾಲಿ ಹೋಗುವುದೆಂದರೇನು, ಹಿಂದೆಲ್ಲ ಸಾಲಿ ಹುಡುಗರು ಹಿಂದಿನ ಸರಳಿಗೆ ಜೋತುಬಿದ್ದು ಹೋಗುತ್ತಿದ್ದರು. ಆಸಿಫ ಅವಳ ಎದುರಿಗೆ ಬಂದು ಗಾಡಿಯನ್ನು ನಿಧಾನ ಮಾಡಿದ. "ಬರ್ರಿ ಅಕ್ಕಾರ" ಅನ್ನುತ್ತಿದ್ದವನು ಇವತ್ತು ಬಾಯಿ ತೆರೆಯಲಿಲ್ಲ, ಬರೀ ನೋಡಿದ. ಅವಳು ಸದ್ದಿಲ್ಲದ ಫೋನಿನಲ್ಲಿ "ಹೂಂ... ಹೂಂರಿ... ಹೌದ್ರಿ" ಅಂದಳು. ಗಾಡಿ ಧೂಳೆಬ್ಬಿಸಿ ಹೋದಮೇಲೆ, ಆ ಹೌದ್ರಿ ಯಾರಿಗೆ ಹೇಳಿದ್ದು ಎಂದು ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ನಾಚಿಕೊಳ್ಳಬೇಕಾದವಳು ತಾನಲ್ಲ, ಇವನ ಅವ್ವ ಪೀರಬಿ. ಪಂಚಾಯ್ತಿ ಅಧ್ಯಕ್ಷರ ಚುನಾವಣೆಯಲ್ಲಿ ತಾನು ಒಂದೇ ಓಟಿನಿಂದ ಸೋತದ್ದು ಆಕೆಯಿಂದ. ಊರೆಲ್ಲ ಹಾಗೇ ಹೇಳುತ್ತದೆ. ಕಣ್ಣು ಉರಿಯುತ್ತಿದ್ದವು. ಕಣ್ಣಿನೊಳಗೆ ಸಣ್ಣ ಉಸುಕು ಹಾಕಿ ಉಜ್ಜಿದ ಹಾಗೆ. ಸೋತ ದಿನದಿಂದ ಅವಳು ಸರಿಯಾಗಿ ಮಲಗಿರಲಿಲ್ಲ.

ನಿದ್ದೆ ಬರದವರಿಗೆ ಹಾಸಿಗೆ ಒಂದು ಪಂಚಾಯ್ತಿ ಸಭೆಯಿದ್ದ ಹಾಗೆ ಎಂದು ಅವಳಿಗೆ ಈಚೆಗೆ ತಿಳಿದಿತ್ತು. ದೀಪ ಆರಿಸಿದ ಕೂಡಲೆ ತನ್ನ ಕಡೆಯ ಮೆಂಬರುಗಳೆಲ್ಲ ಒಬ್ಬೊಬ್ಬರಾಗಿ ಬಂದು ಕೂಡುತ್ತಿದ್ದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ನೀ ಹಾಕಿದಿಯೇನು? ನೀ? ಓಟಿನ ಚೀಟಿ ಮಡಿಚಿ ಪೆಟ್ಟಿಗೆಗೆ ಹಾಕುವಾಗ ಯಾರ ಕೈ ನಡುಗಿತ್ತು? ತಮ್ಮ ಕಡೆ ಒಬ್ಬರು ಹೆಚ್ಚೇ ಇದ್ದರು. ಎಣಿಸಿದಾಗ ಒಂದು ಓಟು ಕಡಿಮೆ ಬಂತು. ಎದುರು ಕಡೆಯ ಮುಖಂಡ ದುಂಡೇಶಪ್ಪನ ತಮ್ಮನ ಹೆಂಡತಿ ಸಾತವ್ವ ಗೆದ್ದಳು. ಅದಾದ ಮರುದಿನ ತನ್ನ ಕಡೆಯವರೆಲ್ಲ ಬಸವಣ್ಣನ ಗುಡಿಗೆ ಹೋಗಿ ನಂದಿಯ ಮೇಲೆ ಕೈಯಿಟ್ಟು, ತಾವು ವಿಜಯಶ್ರೀಗೇ ಓಟು ಹಾಕಿದ್ದೆಂದು ಆಣೆ ಮಾಡಿದರು. ಮಾಳಿಂಗಪ್ಪ ಎಲ್ಲರಿಗಿಂತ ಮೊದಲು ಕೈಯಿಟ್ಟ. ಅವನು ಅವಳ ಗಂಡ ಅರುಣಕುಮಾರನ ಸಾಲಿಯ ದಿನಗಳ ಗೆಳೆಯ. ಪೀರಬಿ ಗುಡಿಯ ಕಟ್ಟೆಯ ಕೆಳಗೆ ಚಪ್ಪಲಿ ಬಿಡದೆ ನಿಂತಿದ್ದಳು. "ನೀ ನಿಮ್ಮ ದರ್ಗಾಕ್ಕರೆ ಬಂದು ಹೇಳ ಮತ್ತ" ಅಂತ ಯಾರೋ ಅಂದರು. ಪೀರಬಿ, "ನಾ ಎಲ್ಲೂ ಆಣಿ ಮಾಡೂದಿಲ್ಲ" ಅಂದವಳೇ ಸೆರಗು ಎಳೆದುಕೊಂಡು ಹೋಗಿಬಿಟ್ಟಳು. ಅಷ್ಟಕ್ಕೇ ಎಲ್ಲ ತೀರ್ಮಾನವಾಯಿತು. ಆವತ್ತಿನಿಂದ ಮಂದಿ ಆಕೆಯ ಮಗನ ಗಾಡಿಯಲ್ಲಿ ಕೂಡುವುದನ್ನು ಬಿಟ್ಟರು. ಕೂಡಬೇಡಿ ಎಂದು ಯಾರೂ ಸಾರಿರಲಿಲ್ಲ. ವಿಜಯಶ್ರೀಯೂ ಯಾರಿಗೂ ಕೂಡಿರಿ ಅನ್ನಲಿಲ್ಲ.

ಬಾಗೇವಾಡಿಯ ದವಾಖಾನೆಗೆ ಹೊರಟ ಅವಳಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ತೊಗರಿ ಕೊಯ್ದ ಹೊಲ, ಕರಿ ಎರೆಮಣ್ಣು ಬಿರಿದು ಬಾಯಿ ಬಿಟ್ಟಿತ್ತು. ಇಂಗಳೇಶ್ವರದ ಗುಡ್ಡ ಬಿಸಿಲಿಗೆ ಕರಗಿದ ಹಾಗೆ ಕಾಣುತ್ತಿತ್ತು. ದುಂಡೇಶಪ್ಪ ಕಲ್ಲು ಪುಡಿಮಾಡುವ ಖಡಿ ಮಶೀನು ಹಾಕುತ್ತೇನೆ ಎನ್ನುತ್ತಿರುವ ಜಾಗ ದಾರಿಯಿಂದಲೇ ಕಾಣುತ್ತದೆ, ಸಾಲಿಯ ಹಿಂಬದಿಯ ಕಲ್ಲುಭೂಮಿ. ಪಂಚಾಯ್ತಿ ಒಪ್ಪಿಗೆ ಇಲ್ಲದೆ ಅದು ಆಗುವುದಿಲ್ಲ. ಪರೀಕ್ಷೆಗೆಂದು ಎರಡು ಸಲ ಮದ್ದು ಹಾರಿಸಿದ್ದಕ್ಕೇ ಏಳನೇ ತರಗತಿಯ ಗೋಡೆ ಸೀಳಿತ್ತು. ಅವಳು ಆ ಸಾಲಿಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು; ಸೀಳಿನಲ್ಲಿ ಒಂದು ಹುಡುಗಿ ಪೆನ್ಸಿಲು ತೂರಿಸಿ "ಟೀಚರ್, ಆಚೆ ಬಂತ್ರಿ" ಅಂದಿದ್ದಳು. ಆ ದಿನವೇ ಅವಳು ಪಂಚಾಯ್ತಿಗೆ ನಿಲ್ಲಬೇಕೆಂದುಕೊಂಡದ್ದು. ಅಧ್ಯಕ್ಷೆ ಆಗಬೇಕೆಂದು ಅವಳ ಹೆಸರನ್ನು ಮೊದಲು ಎತ್ತಿದವಳು ಪೀರಬಿ. ಎರಡು ಸಲ ಆರಿಸಿಬಂದಿದ್ದ ಮುದುಕಿ, ಸಹಿ ಬಿಟ್ಟರೆ ಬರೆಯಲು ಬಾರದವಳು, "ನಮ್ಮ ವಿಜಯವ್ವ ಆಗ್ಲಿ, ಅಕಿ ಯಾರಿಗೂ ಅಂಜೂದಿಲ್ಲ" ಎಂದು ಗುಡಿಕಟ್ಟೆಯ ಮೇಲೆ ಹೇಳಿದ್ದಳು. ಆವತ್ತೇ ಯಾರೋ, "ಸಹಿ ಯಾರ ಮಾಡೂರ್ರಿ, ನೀವೋ ನಿಮ್ಮ ಮಾಲಕರೋ?" ಅಂತ ಕೇಳಿದ್ದರು. ವಿಜಯಶ್ರೀ, "ಕುರ್ಚಿ ಮ್ಯಾಲ ನಾನ ಕೂಡಾಕಿ. ಅವರಿಗೆ ಹೊರಗ ಒಂದು ಚಾ ಕೊಡ್ರಿ" ಅಂದಿದ್ದಳು. ಕಟ್ಟೆಗೆ ಕಟ್ಟೆಯೇ ನಕ್ಕಿತ್ತು. ಅರುಣಕುಮಾರನೂ ನಕ್ಕಿದ್ದ. ಅವನು ನಗುವಾಗ ಬಲಗೈಯಿಂದ ಮೀಸೆ ಒರೆಸಿಕೊಳ್ಳುತ್ತಾನೆ, ಹಾಗೆಯೇ ಒರೆಸಿಕೊಂಡಿದ್ದ.

ಓಟಿಗೆ ಮುಂಚೆ ಎಲ್ಲ ಮೆಂಬರುಗಳನ್ನೂ ಕ್ರೂಸರಿನಲ್ಲಿ ಹಾಕಿಕೊಂಡು ಸಿಂದಗಿ, ಇಂಡಿ ದಾಟಿ ಚಡಚಣದ ಆಚೆ ಒಂದು ದ್ರಾಕ್ಷಿ ತೋಟದ ಮನೆಗೆ ಕರೆದೊಯ್ದಿದ್ದರು, ದುಂಡೇಶಪ್ಪನ ಕೈಗೆ ಯಾರೂ ಸಿಗಬಾರದೆಂದು. ಅದೆಲ್ಲ ಅರುಣಕುಮಾರನದೇ ಏರ್ಪಾಡು. ಎಲ್ಲರ ಫೋನುಗಳನ್ನೂ ಅವನೇ ಒಂದು ಚೀಲದಲ್ಲಿ ಹಾಕಿಟ್ಟುಕೊಂಡಿದ್ದ. ಹೆಣ್ಣುಮಕ್ಕಳಿಗೆ ಒಂದು ಖೋಲಿ. ಪಕ್ಕದ ಶೆಡ್ಡಿನಲ್ಲಿ ಒಣದ್ರಾಕ್ಷಿಯ ವಾಸನೆ, ಸಿಹಿಯ ಜೊತೆ ಮೂಗಿಗೆ ಚುಚ್ಚುವ ಗಂಧಕದ ಘಾಟು. ಹುರುಪಿಗೋ ಅಂಜಿಕೆಗೋ ಅವಳಿಗೆ ಅಲ್ಲಿ ನಿದ್ದೆ ಬರುತ್ತಿರಲಿಲ್ಲ. ಕೊನೆಯ ದಿನ ಪೀರಬಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಾಳೆ ಕಣ್ಣು ಕೆಂಪು ಮಾಡ್ಕೊಂಡು ಹೋದ್ರ ಮಂದಿ ಏನಂದಾರು, ಮಲಗವ್ವ, ನಾ ಎಚ್ಚರ ಇರ್ತೇನಿ" ಅಂದಳು. ಆ ಒರಟು ಬೆರಳು ಕೂದಲೊಳಗೆ ಆಡುತ್ತಿದ್ದಾಗ ಅವಳಿಗೆ ತಂಗಡಗಿಯ ತವರಿನ ಮಾಳಿಗೆ ನೆನಪಾಯಿತು; ಬ್ಯಾಸಿಗೆಯಲ್ಲಿ ಹೊಳೆಯ ಕಡೆಯಿಂದ ಗಾಳಿ ಬರುತ್ತಿದ್ದದ್ದು, ಅವ್ವ ಸೆರಗು ಹೊದಿಸುತ್ತಿದ್ದದ್ದು. ಬಾವಿಗೆ ಕಲ್ಲು ಬಿದ್ದ ಹಾಗೆ ನಿದ್ದೆ ಹೋದಳು. ಎದ್ದಾಗ ಪೀರಬಿ ಕೂತಲ್ಲೇ ಕೂತಿದ್ದಳು, ಗೋಡೆಗೆ ಆತು, ಕಣ್ಣು ಬಿಟ್ಟು.

ಆ ನಿದ್ದೆಯೇ ಈಗ ಅವಳನ್ನು ಕೊಲ್ಲುತ್ತಿತ್ತು. ಯಾಕೆ ಮಲಗಿಸಿದಳು? ತನ್ನನ್ನು ಮಲಗಿಸಿ ಎದ್ದು ಎಲ್ಲಿಗೆ ಹೋದಳು? ಪಕ್ಕದಲ್ಲಿ ಮಲಗಿದ್ದ ಮೆಂಬರೊಬ್ಬಳು ಆಮೇಲೆ ಹೇಳಿದ್ದಳು, ಪೀರಬಿ ಬಾಗಿಲು ತೆಗೆದು ಹೊರಗೆ ಹೋಗಿ ಯಾರ ಜೊತೆಗೋ ಮಾತಾಡಿ ಬಂದಳೆಂದು. ತಲೆ ನೇವರಿಸಿದ ಬೆರಳುಗಳನ್ನು ನೆನೆಸಿಕೊಂಡರೆ ವಿಜಯಶ್ರೀಯ ನೆತ್ತಿ ಜುಮ್ಮೆನ್ನುತ್ತಿತ್ತು. ಒಮ್ಮೆ ಮೈಮರೆತು ಮಲಗಿದ್ದಕ್ಕೆ ಇಷ್ಟಾಯಿತು, ಇನ್ನು ಮಲಗಬಾರದು ಎಂದು ಮೈಯೇ ತನ್ನಷ್ಟಕ್ಕೆ ಹಟ ಹಿಡಿದ ಹಾಗಿತ್ತು. ಕಣ್ಣು ಮುಚ್ಚಿ ಇನ್ನೇನು ಜಾರಬೇಕು ಅನ್ನುವಷ್ಟರಲ್ಲಿ ಯಾರೋ ಚಿಲಕ ತೆಗೆದಂತಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಅರುಣಕುಮಾರ ಗೊರಕೆ ಹೊಡೆಯುತ್ತಿರುತ್ತಿದ್ದ. ಅವನದು ದೇವರು ಕೊಟ್ಟ ನಿದ್ದೆ. ಮದುವೆಮನೆಯ ಗದ್ದಲದಲ್ಲಿಯೂ, ತನ್ನ ಗೊಬ್ಬರದ ಅಂಗಡಿಯ ಚೀಲಗಳ ಮೇಲೂ ಮಲಗಬಲ್ಲವನು. ಅವಳು ಎದ್ದು ಕೂತದ್ದು ತಿಳಿದರೆ ಮಾತ್ರ ಅವನೂ ಏಳುತ್ತಿದ್ದ. ಹಾಲು ಕಾಸಿ ತಂದುಕೊಡುತ್ತಿದ್ದ. "ಆ ಮುದುಕಿನ್ನ ತಲ್ಯಾಗಿಂದ ತಗದ ಬಿಡು, ವಿಜಯಾ" ಅನ್ನುತ್ತಿದ್ದ. ಹಾಲು ಕುಡಿಯುವಾಗ ಅವಳಿಗೆ ಅನಿಸುತ್ತಿತ್ತು, ಜಗತ್ತಿನಲ್ಲಿ ತನಗೆ ಉಳಿದವನು ಇವನೊಬ್ಬ.

ಬಾಗೇವಾಡಿಯ ದವಾಖಾನೆಯಲ್ಲಿ ಬಾಕಿನ ತುಂಬ ಮಂದಿ. ಒಬ್ಬ ಹೆಂಗಸು ಅವಳನ್ನೇ ದಿಟ್ಟಿಸಿ ನೋಡಿ, "ನೀವು ಕಟ್ಟಿಸಂಗನಾಳದಾಗ ಸೋತಾರಲ್ರಿ?" ಎಂದು ಕೇಳಿದಳು. ಗೆದ್ದವರ ಗುರುತು ಹಿಡಿಯುವಷ್ಟೇ ಸಹಜವಾಗಿ, ಕೇಡಿಲ್ಲದೆ ಕೇಳಿದಳು. ವಿಜಯಶ್ರೀ ನಕ್ಕಳು. ನಕ್ಕದ್ದು ತುಟಿಗೆ ಅಂಟಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಡಾಕ್ಟರಮ್ಮ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು. ರೆಪ್ಪೆ ಎಳೆದು ನೋಡಿ, ಬಿಪಿ ನೋಡಿ, "ಏನ್ ವಿಚಾರ ಮಾಡ್ತೀರಿ ಮಲಗಿದಾಗ?" ಎಂದಳು.

"ಓಟು."

ಡಾಕ್ಟರಮ್ಮ ನಗಲಿಲ್ಲ. "ಇಲೆಕ್ಷನ್ ಆದ ಮ್ಯಾಲ ನಿಮ್ಮಂಥವರು ಭಾಳ ಬರ್ತಾರ. ಸೋತಾವರೂ ಬರ್ತಾರ, ಗೆದ್ದಾವರೂ ಬರ್ತಾರ. ಟೀವಿ ನೋಡಿ ನೋಡಿ ಮಲಗದಾವರೂ ಅದಾರ. ಗುಳಿಗಿ ಕೊಡ್ತೇನಿ, ಸ್ವಲ್ಪ ದಿನ ತಗೋರಿ. ಆದ್ರ ಯಾರ ಮುಂದರೆ ಬಾಯಿಬಿಟ್ಟು ಮಾತಾಡ್ರಿ. ಮನ್ಯಾಗ ಯಜಮಾನ್ರು ಹೆಂಗ?"

"ಭಾಳ ಛಲೋ ಅದಾರ್ರಿ" ಅಂದಳು.

ದವಾಖಾನೆಯಿಂದ ಬಸ್‌ಸ್ಟ್ಯಾಂಡಿಗೆ ಬರುವ ದಾರಿ ತೇಲುತ್ತಿತ್ತು. ನಿದ್ದೆಗೆಟ್ಟ ಕಣ್ಣಿಗೆ ಎಲ್ಲದಕ್ಕೂ ಒಂದು ಅಂಚು ಹೆಚ್ಚು. ಬಾಳೆಹಣ್ಣಿನ ಗಾಡಿ, ಹಾರ್ನು, ಬಿಸಿಲು ಎಲ್ಲವೂ ಮೈಮೇಲೆ ಬಂದಂತೆ. ಊರಿನ ಬಸ್ಸು ಆಗಲೇ ಹೋಗಿತ್ತು. ಬೇವಿನ ಗಿಡದ ನೆರಳಿಗೆ ಆಸಿಫನ ಟಂಟಂ ನಿಂತಿತ್ತು. ಅವನ ಎರಡನೇ ಸುತ್ತಿನಲ್ಲಿ ಪೇಟೆಗೆ ಬಂದಿದ್ದ ಪೀರಬಿ ಹಿಂದಿನ ಸೀಟಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಕಾಯಿಪಲ್ಯದ ಚೀಲ. ವಿಜಯಶ್ರೀ ತಿರುಗಿ ನಡೆಯಬೇಕೆಂದುಕೊಂಡಳು. ಆದರೆ ಒಂದು ಹೆಜ್ಜೆಗೇ ಗಿಡದ ಬೊಡ್ಡೆಯನ್ನು ಹಿಡಿದುಕೊಳ್ಳಬೇಕಾಯಿತು.

"ಬಾ, ಕುಂಡ್ರು" ಪೀರಬಿ ಅಂದಳು. "ಗಾಡಿ ಖಾಲಿ ಐತಿ."

ಗಾಡಿ ಖಾಲಿ ಐತಿ ಅಂದದ್ದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ವಿಜಯಶ್ರೀ ಕೂತಳು, ಇಬ್ಬರ ನಡುವೆ ಚೀಲ. ಪೀರಬಿ ಅವಳ ಕೈಯಲ್ಲಿದ್ದ ಗುಳಿಗೆಯ ಪೊಟ್ಟಣವನ್ನು ನೋಡಿದಳು, ಮುಖ ನೋಡಿದಳು. ಆಸಿಫ ಮುಂದೆ ಕಿಕ್ ಹೊಡೆಯಲು ಹೋದ. "ತಡಿಯೋ, ಚಾ ಕುಡುದು ಬಾ ಹೋಗು" ಎಂದು ಪೀರಬಿ ಅವನನ್ನು ಕಳಿಸಿದಳು.

"ಸಣ್ಣಾಗಿದಿ."

"ನಿದ್ದಿ ಇಲ್ಲ."

"ಗೊತ್ತೈತಿ."

"ನಿನಗೇನ್ ಗೊತ್ತು ಚಿಗವ್ವ?" ವಿಜಯಶ್ರೀಯ ಧ್ವನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ನೀ ಮಲಗ್ತಿ. ನಾ ಮಲಗೂದಿಲ್ಲ. ನಿನ್ನ ತೊಡಿ ಮ್ಯಾಲ ಮಲಗಿದ್ನಲ್ಲ, ಅದ ಕಡೀ ನಿದ್ದಿ. ಯಾಕ ಮಲಗಿಸಿದಿ ನನ್ನ? ನೆಟ್ಟಗ ಹೇಳಿದ್ರ ನಾನ ಹೇಳ್ತಿದ್ದೆ, ಹೋಗು ಚಿಗವ್ವ, ನಿನ್ನ ಮನಸು ಬಂದಲ್ಲಿ ಹಾಕು ಅಂತ."

ಪೀರಬಿ ಚೀಲದೊಳಗಿನ ಬದನೆಕಾಯಿಯ ತೊಟ್ಟನ್ನು ಸುಮ್ಮನೆ ತಿರುವುತ್ತಿದ್ದಳು. ಬೈಗುಳವನ್ನು ಬಿಸಿಲಿನ ಹಾಗೆ ಹೊತ್ತುಕೊಂಡು ಕೂತಿದ್ದಳು. ಬೈದರೂ ಸುಮ್ಮನಿರುವವರ ಮುಂದೆ ಮಾತು ಮುಗಿಯುವುದಿಲ್ಲ. ವಿಜಯಶ್ರೀ ಇನ್ನೂ ಹೇಳಿದಳು: "ಆತು, ಮುಗೀತು. ಇವತ್ತ ಮಧ್ಯಾಹ್ನ ಮೀಟಿಂಗಿನಾಗ ರಾಜಿನಾಮಿ ಕೊಡ್ತೇನಿ. ಮೆಂಬರಕಿನೂ ಬ್ಯಾಡ. ಅವರು ಬರದ ಇಟ್ಟಾರ, ನಾ ಸಹಿ ಮಾಡೂದಷ್ಟ. ಬಿಟ್ಟು ಬಿಡು, ನಿದ್ದಿ ತಾನ ಬರ್ತದ ಅಂದ್ರು."

ಬದನೆಕಾಯಿ ತಿರುವುತ್ತಿದ್ದ ಕೈ ನಿಂತಿತು. "ಯಾರಂದ್ರು?"

"ನಮ್ಮನಿಯವರು."

"ಅರುಣ ಬರದಾನೇನು ರಾಜಿನಾಮಿ?" ಪೀರಬಿ ಈಗ ಅವಳ ಕಡೆ ಪೂರ್ತಿ ತಿರುಗಿದಳು. "ಇವತ್ತ ಮೀಟಿಂಗಿನಾಗ ಖಡಿ ಮಶೀನಿನ ಠರಾವು ಐತಿ. ಬ್ಯಾಡ ಅನ್ನಾಕ ನೀನೂ ಇರಬಾರ್ದು ಅಂತಾನೇನು?" ಆಮೇಲೆ ಯಾರಿಗೋ ಹೇಳುವವಳಂತೆ, "ಇಷ್ಟಕ್ಕ ನಿಲ್ತಾನ ಅಂತ ಮಾಡಿದ್ದೆ" ಅಂದಳು.

"ಏನಂದಿ ಚಿಗವ್ವ?"

"ಮೈಮ್ಯಾಲ ಎಚ್ಚರ ಇಟ್ಟು ಕೇಳು ಯವ್ವಾ. ಆವತ್ತ ನೀ ಮಲಗಿದ ಮ್ಯಾಲ ನನ್ನ ಹೊರಗ ಕರದದ್ದು ದುಂಡೇಶನ ಮಂದಿ ಅಲ್ಲ. ನಿನ್ನ ಗಂಡ. ದ್ರಾಕ್ಷಿ ಶೆಡ್ಡಿನ ಮುಂದ ನಿಂತು, 'ಚಿಗವ್ವ, ನಾಳೆ ಅಕಿಗೆ ಹಾಕಬ್ಯಾಡ್ರಿ, ಅಕಿ ಗೆಲ್ಲೂದು ಬ್ಯಾಡ' ಅಂದ. ನಾ ಅಂದೆ, 'ತಮ್ಮಾ, ನಿನ್ನ ಹೇಣ್ತಿ ಅಕಿ.' 'ಅದಕ್ಕ ಹೇಳಾಕತ್ತೇನಿ' ಅಂದ. ನಾ ಆಗೂದಿಲ್ಲ ಅಂದು ಒಳಗ ಬಂದೆ. ನಿನ್ನ ಮಾರಿ ನೋಡಕೊಂತ ಕುಂತೆ. ನೀ ಸಣ್ಣ ಕೂಸಿನಂಗ ಬಾಯಿ ತೆರದು ಮಲಗಿದ್ದಿ. ನನಗ ಆವತ್ತೂ ನಿದ್ದಿ ಬರಲಿಲ್ಲ, ಆಮ್ಯಾಲೂ ಬಂದಿಲ್ಲ. ನನ್ನ ಓಟು ನಿನಗ ಹಾಕೇನಿ. ಅಂವ ಮತ್ತೊಬ್ಬರಿಗೆ ಹೇಳಿರ್ಬೇಕು."

ಬಸ್‌ಸ್ಟ್ಯಾಂಡಿನ ಮೈಕು ಮುದ್ದೇಬಿಹಾಳದ ಬಸ್ಸು ಹೊರಡುತ್ತದೆಂದು ಕೂಗಿತು. ವಿಜಯಶ್ರೀ ಅದನ್ನು ಪೂರ್ತಿ ಕೇಳಿಸಿಕೊಂಡಳು. ತಂಗಡಗಿಗೆ ಹೋಗುವವರು ಈ ಬಸ್ಸು ಹತ್ತಬೇಕು ಎಂದು ಅವಳ ತಲೆ ಎಂದಿನಂತೆ ಲೆಕ್ಕ ಹಾಕಿತು.

"ಅವತ್ತ ಯಾಕ ಹೇಳಲಿಲ್ಲ?"

"ಮೊದಲು ಓಟು ಇತ್ತು. ಆಮ್ಯಾಲ ನಿನ್ನ ಮನಿ ಇತ್ತು."

"ಆಣಿಯಾರೆ ಮಾಡ್ಬೇಕಿತ್ತು. ಊರು ನಿನ್ನ..."

"ಆಣಿ ಮಾಡಿದ್ರ 'ಹಂಗಾದ್ರ ಯಾರು?' ಅಂತಿದ್ರು. ಗೊತ್ತಿಟ್ಟುಕೊಂಡು ಗೊತ್ತಿಲ್ಲ ಅಂತ ಹೆಂಗ ಹೇಳ್ಲಿ? ಅದಕ್ಕ ಸುಮ್ಮನಿದ್ದೆ." ಪೀರಬಿ ಹೊರಗೆ ಆಸಿಫ ಬರುತ್ತಿರುವುದನ್ನು ನೋಡಿದಳು. "ಇವಗೂ ಹೇಳಿಲ್ಲ. ಅಂವ ನನ್ನ ಜೋಡಿ ಮಾತಾಡೂದು ಬಿಟ್ಟಾನ. ನಮ್ಮವ್ವ ಯಾಕ ಹಂಗ ಮಾಡಿದ್ಲು ಅಂತ."

ಗಾಡಿ ಹೊರಟಿತು. ಇಂಜಿನಿನ ಸದ್ದಿನಲ್ಲಿ ಮಾತಾಡುವ ಹಾಗಿರಲಿಲ್ಲ, ಅದೇ ಒಳ್ಳೆಯದಾಯಿತು. ವಿಜಯಶ್ರೀ ಆಸಿಫನ ಬೆನ್ನನ್ನು ನೋಡುತ್ತಿದ್ದಳು. ಬೆವರಿಗೆ ಅಂಗಿ ಅಂಟಿದ ಬೆನ್ನು. ಪೀರಬಿ ಸುಳ್ಳು ಹೇಳುತ್ತಿದ್ದಾಳೆ ಎಂದು ಅಂದುಕೊಳ್ಳಲು ಅವಳು ಬಹಳ ಪ್ರಯತ್ನಪಟ್ಟಳು. ತಪ್ಪಿಸಿಕೊಳ್ಳಲು ಹೇಳಿದ ಮಾತು. ಗಂಡ ಹೆಂಡಿರ ನಡುವೆ ಹುಳಿ ಹಿಂಡುವ ಮಾತು. ಅರುಣಕುಮಾರನ ಕೈಯಲ್ಲಿದ್ದ ಹಾಲಿನ ಲೋಟ ನೆನಪಾಯಿತು, ಅದರ ಬಿಸಿ ನೆನಪಾಯಿತು. ಆ ಬಿಸಿ ಸುಳ್ಳಾಗಿರಲು ಹೇಗೆ ಸಾಧ್ಯ? ಆದರೆ ಗುಡಿಕಟ್ಟೆಯ ಮೇಲೆ ಮೀಸೆ ಒರೆಸಿಕೊಂಡ ಕೈಯೂ ನೆನಪಾಯಿತು, ಎಲ್ಲರ ನಗು ನಿಂತ ಮೇಲೂ ಅದು ಮೀಸೆಯ ಮೇಲೆಯೇ ಇತ್ತಲ್ಲ ಎಂದು ಈಗ ಕಂಡಿತು. ಫೋನಿನ ಚೀಲ ಅವನ ಹೆಗಲಲ್ಲಿತ್ತು. ಶೆಡ್ಡಿನ ಬೀಗದ ಕೈ ಅವನ ಹತ್ತಿರ ಇತ್ತು. ಎಷ್ಟು ದಿನ ತಾನು ಮಲಗದೆ ಒಬ್ಬೊಬ್ಬರ ಮುಖವನ್ನೂ ಕರೆದು ವಿಚಾರಿಸಿದ್ದಳು! ಪಕ್ಕದಲ್ಲಿ ಮಲಗಿದ್ದವನ ಮುಖವನ್ನು ಒಂದು ಸಲವೂ ಕರೆದಿರಲಿಲ್ಲ.

ಮನೆಯ ಪಡಸಾಲೆಯಲ್ಲಿ ಅತ್ತೆ ರುಕ್ಮವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. "ಉಂಡು ಮಲಗ್ಯಾನ, ಎಬ್ಬಿಸಬ್ಯಾಡ. ಮುಂಜಾನಿಂದ ಗೊಬ್ಬರದ ಲಾರಿ ಇಳಿಸ್ಯಾನ" ಅಂದಳು. ಈ ಮನೆಯಲ್ಲಿ ಎಲ್ಲರೂ ಅವನ ನಿದ್ದೆಯನ್ನು ಕಾಯುತ್ತಾರೆ. ತಾನೂ ಕಾದವಳೇ, ಅವನು ಮಲಗಿದ್ದಾಗ ಎಷ್ಟು ಸಲ ಸದ್ದಾಗದಂತೆ ಪಾತ್ರೆ ತೊಳೆದಿದ್ದಾಳೆ. ಒಳಗೆ ಹೊರಸಿನ ಮೇಲೆ ಅವನು ಅಂಗಾತ ಮಲಗಿದ್ದ. ಬನಿಯನ್ ಮೇಲೆ ಸರಿದು ಹೊಟ್ಟೆ ಏರಿಳಿಯುತ್ತಿತ್ತು. ಕಿಟಕಿಯಲ್ಲಿ ರಾಜಿನಾಮೆಯ ಕಾಗದ, ಅದರ ಮೇಲೆ ಹಾರದಂತೆ ಒಂದು ಬೀಜದ ಪಾಕೀಟು. ಅವಳು ನಿಂತು ನೋಡಿದಳು. ಇಷ್ಟು ನಿಶ್ಚಿಂತ ಮುಖ. ಮೋಸ ಮಾಡಿದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವಳು ಇಷ್ಟು ದಿನ ನಂಬಿದ್ದಳು. ಆ ನಂಬಿಕೆಯಿಂದಲೇ ಅವನು ಒಮ್ಮೆಯೂ ಅವಳ ಅನುಮಾನಕ್ಕೆ ಸಿಕ್ಕಿರಲಿಲ್ಲ.

"ಏಳ್ರಿ." ಹೆಗಲು ಹಿಡಿದು ಅಲುಗಿಸಿದಳು. "ಚಡಚಣದಾಗ ಪೀರಬಿ ಚಿಗವ್ವನ್ನ ಕರದು ಏನ್ ಹೇಳಿದ್ರಿ?"

ಅವನು ಕಣ್ಣು ಬಿಟ್ಟ. ಪೂರ್ತಿ ಎಚ್ಚರವಾಗಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ. "ಹೇಳಿದ್ಲೇನು ಮುದುಕಿ?" ಅಂದ. ಅಂದಮೇಲೆ ತಾನು ಅಂದದ್ದು ಅವನಿಗೆ ತಿಳಿಯಿತು. ಎದ್ದು ಕೂತ. ಮೀಸೆಯ ಮೇಲೆ ಕೈ ಹೋಯಿತು.

"ಮತ್ತ ಯಾರಿಗೆ ಹೇಳಿದ್ರಿ?"

"ಮಾಳಿಂಗಪ್ಪಗ." ಬನಿಯನ್ ಕೆಳಗೆ ಎಳೆದುಕೊಂಡು ಒಮ್ಮೆಲೆ ಹೇಳತೊಡಗಿದ: "ಮಂದಿ ಮುಂದ ಏನಂದಿ ನೀ? ಹೊರಗ ಚಾ ಕೊಡ್ರಿ ಅಂದಿ. ಇವತ್ತಿಗೂ ಸಂತ್ಯಾಗ ಸಿಕ್ಕಾವರು 'ಚಾ ಆತೇನ್ರಿ ಅರುಣಪ್ಪ' ಅಂತಾರ. ದುಂಡೇಶಪ್ಪ ಅಂಗಡಿಗೆ ಬಂದು, 'ನಿನ್ನ ಹೇಣ್ತಿ ಗೆದ್ರ ನಿನ್ನ ಮಾತು ಕೇಳ್ತಾಳೇನು?' ಅಂದ. ನಾ ಏನ್ ಹೇಳ್ಲಿ? ಕೇಳ್ತಿದ್ದಿಯೇನು ನೀ?"

"ಖಡಿ ಮಶೀನಿಗೆ ಹೂಂ ಅನ್ನು ಅಂದಿದ್ರ ಕೇಳ್ತಿದ್ದಿಲ್ಲ."

"ಮತ್ತ!" ಅಂದ, ತನ್ನ ಮಾತು ಗೆದ್ದಂತೆ. "ಒಂದು ಓಟು ವಿಜಯಾ. ಇಷ್ಟಾಗತೈತಿ ಅಂತ ನನಗ ಗೊತ್ತಿದ್ದಿಲ್ಲ. ನೀ ಮಲಗದ್ದು ನೋಡಿ ನನಗ ಸಂಕಟ ಆಗಿಲ್ಲಂತ ತಿಳದಿಯೇನು? ಹಾಲು ಕಾಸಿ ಕೊಟ್ಟಿಲ್ಲೇನು?"

ಅದು ನಿಜ. ಅವನ ಸಂಕಟವೂ ನಿಜ, ಅವನ ಕಣ್ಣಲ್ಲಿ ನೀರು ಇತ್ತು. ಪೂರ್ತಿ ಸುಳ್ಳಾಗಿದ್ದರೆ ಎತ್ತಿ ಎಸೆಯಬಹುದಾಗಿತ್ತು. ಅವಳು ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಕೇಳಿದಳು: "ಈಗ ಮೀಟಿಂಗ್ ಐತಿ. ನನ್ನ ಜೋಡಿ ಬಂದು ಎಲ್ಲಾರ ಮುಂದ ಹೇಳ್ರಿ. ಪೀರಬಿ ಚಿಗವ್ವಂದು ತಪ್ಪಿಲ್ಲ ಅಂತ ಅಷ್ಟ ಹೇಳ್ರಿ, ನಿಮ್ಮ ಹೆಸರೂ ಹೇಳಬ್ಯಾಡ್ರಿ."

"ಹುಚ್ಚು ಹಿಡದೈತೇನು? ಹೆಂಗ ಗೊತ್ತಾತು ಅಂತ ಕೇಳೂದಿಲ್ಲೇನು ಮಂದಿ?" ಅವನು ಮತ್ತೆ ತಲೆದಿಂಬಿಗೆ ಒರಗಿದ. "ಅಕಿಗೇನಾಗೈತಿ? ಅಕಿ ತಡಕೋತಾಳ. ಸ್ವಲ್ಪ ದಿನ ಹೋದ್ರ ಊರು ಮರೀತೈತಿ." ಆಮೇಲೆ ದೊಡ್ಡ ಉಸಿರು ಬಿಟ್ಟು, "ಹೇಳಿಬಿಟ್ಟೆ. ಎದಿ ಮ್ಯಾಲ ಕಲ್ಲು ಇದ್ದಂಗಿತ್ತು" ಅಂದ. ಅವಳು ಇನ್ನೂ ಏನಾದರೂ ಹೇಳುತ್ತಾನೆಂದು ಕಾದಳು. ಅವನು ಗೋಡೆಯ ಕಡೆ ಹೊರಳಿದ. ಹೊರಗೆ ರುಕ್ಮವ್ವ ಮೊರ ಕೇರುವ ಸದ್ದು. ಅದರ ನಡುವೆ, ಮೊದಲು ತೆಳ್ಳಗೆ, ಆಮೇಲೆ ಎಂದಿನಂತೆ, ಗೊರಕೆ ಕೇಳಿಸಿತು.

ಅವಳು ರಾಜಿನಾಮೆಯ ಕಾಗದ ಮುಟ್ಟಲಿಲ್ಲ. ತಲೆ ಬಾಚಿಕೊಳ್ಳದೆ, ಮುಖ ತೊಳೆಯದೆ ಹೊರಗೆ ಬಂದಳು. "ಬಿಸಲಾಗ ಎಲ್ಲಿಗೆ?" ಎಂದಳು ಅತ್ತೆ. "ಪಂಚಾಯ್ತಿಗೆ" ಅಂದಳು.

ಸಭೆ ಶುರುವಾಗಿತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಸಾತವ್ವ ಹೊಸ ಇಲಕಲ್ಲ ಸೀರೆಯುಟ್ಟು, ಬೆನ್ನು ತಾಗಿಸದೆ, ಬಸ್ಸಿನಲ್ಲಿ ಇನ್ನೊಬ್ಬರ ಸೀಟಿನಲ್ಲಿ ಕೂತವಳಂತೆ ಕೂತಿದ್ದಳು. ಮೆಂಬರನಲ್ಲದ ದುಂಡೇಶಪ್ಪ ಕಿಟಕಿಯ ಹತ್ತಿರ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಪೀರಬಿಯ ಪಕ್ಕದ ಕುರ್ಚಿ ಖಾಲಿ, ಅತ್ತಿತ್ತ ಕೂತವರು ಸರಿದು ಕೂತಿದ್ದರು. ವಿಜಯಶ್ರೀ ಅಲ್ಲಿ ಕೂತಳು. ಪಿಡಿಓ ಸಾಹೇಬರು ಠರಾವು ಓದಿದರು, ಖಡಿ ಮಶೀನಿಗೆ ಪಂಚಾಯ್ತಿಯ ಒಪ್ಪಿಗೆ ಇದೆ ಎಂದು. "ಯಾರದರೆ ವಿರೋಧ?" ಅಂದರು, ಪುಟ ತಿರುವಿಹಾಕುತ್ತ.

"ನಂದೈತಿ. ಬರಕೋರಿ." ಅವಳು ಎದ್ದು ನಿಂತಳು. "ಇನ್ನೊಂದು ಮಾತೈತಿ. ಅಧ್ಯಕ್ಷರ ಓಟಿನಾಗ ಪೀರಬಿ ಚಿಗವ್ವ ನನಗ ಹಾಕ್ಯಾಳ. ನನ್ನ ಸೋಲಿಸಿದಾವ ನನ್ನ ಗಂಡ. ಅಂವ ಹೇಳಿದ್ದಕ್ಕ ಬ್ಯಾರೇದವರೊಬ್ಬರು ಆ ಕಡೆ ಹಾಕ್ಯಾರ. ಅವರ ಹೆಸರು ನಾ ಹೇಳೂದಿಲ್ಲ, ನಂದಿ ಮುಟ್ಟಿ ಬಂದಾರ ಅವರು."

ಮಾಳಿಂಗಪ್ಪ ತಲೆಯೆತ್ತಿ ಫ್ಯಾನು ನೋಡತೊಡಗಿದ. ಕರೆಂಟು ಇರಲಿಲ್ಲ, ಫ್ಯಾನು ನಿಂತಿತ್ತು. ಸಾತವ್ವನ ಕಣ್ಣು ತನ್ನ ಕೈಬಳೆಗಳ ಮೇಲೆ ಇತ್ತು. ದುಂಡೇಶಪ್ಪ ಮಾತ್ರ ನಗುತ್ತ, "ಮನಿ ಮಾತು ಮನ್ಯಾಗ ಇರ್ಬೇಕಲ್ಲ ತಂಗಿ" ಅಂದ. ವಿಜಯಶ್ರೀ ನಿಂತೇ ಇದ್ದಳು. ಪೀರಬಿ ಅವಳ ಸೆರಗು ಹಿಡಿದು ಕೆಳಗೆ ಎಳೆದು ಕೂಡ್ರಿಸಿದಳು. ಆಮೇಲೆ ತಾನು ಎದ್ದು, "ನಂದೂ ವಿರೋಧ ಬರಕೋರಿ" ಅಂದಳು. ಮತ್ತೆ ಯಾರೂ ಏಳಲಿಲ್ಲ. ಠರಾವು ಪಾಸಾಯಿತು.

ಹೊರಗೆ ಬಂದಾಗ ಪೀರಬಿಯ ಮುಖದಲ್ಲಿ ಸಂತೋಷವಿರಲಿಲ್ಲ. "ಯಾಕ ಹೇಳಿದಿ ಯವ್ವಾ? ನಾ ತಡಕೊಂಡಿದ್ದೆ" ಅಂದಳು.

"ನಮ್ಮನಿಯವರೂ ಹಂಗ ಅಂದ್ರು, ಅಕಿ ತಡಕೋತಾಳ ಅಂತ."

ಪೀರಬಿ ಅವಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ಇವತ್ತ ಎಲ್ಲಿ ಮಲಗ್ತಿ? ನಮ್ಮನ್ಯಾಗ ಒಂದು ಕೌದಿ ಐತಿ."

"ನನ್ನ ಮನ್ಯಾಗ. ನಾನೂ ಕಟ್ಟಿಸೇನಿ ಅದನ್ನ."

ಸಂಜೆ ಅವಳು ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು. ಅರುಣಕುಮಾರ ಕಟ್ಟೆಯ ಮೇಲೆ ಅಂಗಿಯ ಗುಂಡಿ ತಪ್ಪು ಹಾಕಿಕೊಂಡು ಕೂತಿದ್ದ. ಅಂಗಡಿ ತೆಗೆದಿರಲಿಲ್ಲ. "ಮಾನ ಕಳದಿ" ಅಂದ, ಅಷ್ಟೇ. ಅತ್ತೆ ಊಟಕ್ಕೆ ಕರೆದಳು, ಯಾರೂ ಉಣ್ಣಲಿಲ್ಲ. ಅವನು ತನ್ನ ಹೊರಸನ್ನು ತಾನೇ ಎತ್ತಿಕೊಂಡು ಪಡಸಾಲೆಗೆ ಹೋದ.

ಅವಳು ಒಳಗೆ ಚಾಪೆಯ ಮೇಲೆ ಮಲಗಿದಳು. ಗುಳಿಗೆ ತೆಗೆದುಕೊಳ್ಳಲಿಲ್ಲ, ಇವತ್ತು ಮೈಮರೆಯುವುದು ಬೇಡವೆನಿಸಿತು. ದೀಪ ಆರಿದ ಕೂಡಲೆ ಬರುತ್ತಿದ್ದ ಮುಖಗಳು ಬರಲಿಲ್ಲ. ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ, ಯಾರ ಮೇಲೂ ಅನುಮಾನ ಪಡಬೇಕಾಗಿರಲಿಲ್ಲ. ಅದು ಹಗುರವಾಗಿರಬೇಕಿತ್ತು. ಗೊತ್ತಿಲ್ಲದಾಗ ಮೋಸ ಊರಿನಲ್ಲಿ ಎಲ್ಲೋ ಇತ್ತು, ಹಾದಿಯ ಆಚೆ, ಬೇರೆಯವರ ಮನೆಯಲ್ಲಿ. ತಾನು ತನ್ನ ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಪಡಸಾಲೆಯಲ್ಲಿ ಹೊರಸು ಕಿರುಗುಟ್ಟಿತು. ನಿಂತಿತು. ಮತ್ತೆ ಕಿರುಗುಟ್ಟಿತು. ಅವನು ಹೊರಳುತ್ತಿದ್ದ. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ, ಮರುಕವೂ ಆಗಲಿಲ್ಲ. ಬಹಳ ಹೊತ್ತು ಕೇಳುತ್ತ ಮಲಗಿದ್ದು, ಆಮೇಲೆ ಎದ್ದು, ಮದುವೆಯಾಗಿ ಈ ಮನೆಗೆ ಬಂದಮೇಲೆ ಮೊದಲ ಸಲ, ಒಳಖೋಲಿಯ ಚಿಲಕ ಹಾಕಿದಳು.